ಧರ್ಮರತ್ನಾಕರ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರ್

ಬೆಂಗಳೂರಿನ ಪೂರ್ವಭಾಗದ ಬಡಾವಣೆಗಳ ಹೆಸರುಗಳನ್ನು ಒಮ್ಮೆ ಎಣಿಸಿ ನೋಡಿದರೆ ಒಂದು ವಿಷಯ ಥಟ್ಟನೆ ಮನಸ್ಸಿಗೆ ಬರುತ್ತದೆ. ಫ್ರೇಜರ್ ಟೌನ್, ಕಾಕ್ಸ್ ಟೌನ್, ಕುಕ್ ಟೌನ್, ರಿಚರ್ಡ್ಸ್ ಟೌನ್, ಮರ್ಫಿ ಟೌನ್ – ಇವೆಲ್ಲ ಆಂಗ್ಲ ಹೆಸರುಗಳು. ಹಲಸೂರಿನ ಪಕ್ಕದ ಮರ್ಫಿ ಟೌನ್ ಮೊದಲು ನಾಕ್ಸ್‌ಪೇಟೆಯಾಗಿದ್ದು, ಅನಂತರ ದಂಡು ಪ್ರದೇಶದ ಇಂಜಿನಿಯರ್ ಮರ್ಫಿಯ ಹೆಸರನ್ನು ಪಡೆಯಿತು. ಅಪ್ಪಣೆ ಕೊಟ್ಟವರ ಹೆಸರು ಊರಿನ ನಕ್ಷೆಯಲ್ಲಿ ನಿಂತಿತು. ಕಲ್ಲು ತರಿಸಿ, ಗಾರೆ ಅರೆಸಿ, ಕೂಲಿ ಕೊಟ್ಟು ಕಟ್ಟಡವನ್ನು ಎಬ್ಬಿಸಿದವರ ಹೆಸರು ಬಹುಮಟ್ಟಿಗೆ ಮರೆತುಹೋಯಿತು. ಹಾಗೆ ಮರೆಯಾಗದೆ ಉಳಿದ ಕೆಲವೇ ಹೆಸರುಗಳಲ್ಲಿ ರಾಯ್ ಬಹಾದ್ದೂರ್ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರ್ ಅವರದೂ ಒಂದು. ಆ ಹೆಸರು ಉಳಿದಿರುವುದು ಅವರು ಕಟ್ಟಿದ ಸರ್ಕಾರಿ ಕಟ್ಟಡದ ಮೇಲಲ್ಲ, ಬಡಮಕ್ಕಳಿಗಾಗಿ ತೆರೆದ ಪಾಠಶಾಲೆಯ ಮೇಲೆ. ಅವರ ಜೀವನದ ಸಾರವೆಲ್ಲ ಈ ಒಂದು ಸಂಗತಿಯಲ್ಲೇ ಅಡಗಿದೆಯೆಂದರೆ ತಪ್ಪಾಗಲಾರದು.

ಮೊದಲಿಯಾರರು 1827ರಲ್ಲಿ ಜನಿಸಿದರು. ಅವರ ಬಾಳು ಬೆಳಗಿದ ದಂಡು ಪ್ರದೇಶಕ್ಕೆ ಆಗ ಇಪ್ಪತ್ತು ವರ್ಷವೂ ತುಂಬಿರಲಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಆಂಗ್ಲರ ಸೈನ್ಯ ಮೊದಲು ಅಲ್ಲಿಯೇ ನೆಲೆಸಿತು. ಆದರೆ ಕಾವೇರಿ ತೀರದ ಚಳಿಜ್ವರ ಸಿಪಾಯಿಗಳನ್ನು ಹಣ್ಣುಮಾಡಿತು. ಆದುದರಿಂದ 1809ರ ಸುಮಾರಿಗೆ ದಂಡನ್ನು ಬೆಂಗಳೂರಿಗೆ, ಹಲಸೂರಿನ ಬಳಿಯ ಎತ್ತರದ ಬಯಲಿಗೆ ಸಾಗಿಸಿದರು. ಪುರಾತನವಾದ ಸೋಮೇಶ್ವರ ದೇವಾಲಯವನ್ನೂ ಕೆರೆಯನ್ನೂ ನಂಬಿಕೊಂಡಿದ್ದ ಹಲಸೂರಿನ ಪಕ್ಕದಲ್ಲಿ ಹೀಗೆ ಒಂದು ಹೊಸ ಊರು ಹುಟ್ಟಿತು. ಮದರಾಸು ಸೈನ್ಯದ ಬೆನ್ನಿಗೆ ತಮಿಳು ಮತ್ತು ತೆಲುಗು ನಾಡುಗಳಿಂದ ವ್ಯಾಪಾರಿಗಳು, ಗುಮಾಸ್ತರು, ಬಡಗಿಗಳು, ಅಗಸರು, ಅಡಿಗೆಯವರು ಬಂದರು. ಮೊದಲಿಯಾರ್, ಪಿಳ್ಳೆ, ನಾಯ್ಡು ಮನೆತನಗಳು ಇಲ್ಲಿ ಬೇರೂರಿದವು. ನಮ್ಮ ಕಥಾನಾಯಕರ ಹೆಸರಿನ ಮೊದಲಲ್ಲಿರುವ ಆರ್ಕಾಟ್ ಎಂಬ ಮಾತೇ ಆ ಮನೆತನದ ಮೂಲಸೀಮೆಯನ್ನು ತಿಳಿಸುತ್ತದೆ.

ದಂಡು ಪ್ರದೇಶದ ವಾಣಿಜ್ಯಕ್ಕೂ ಕೋಟೆಯ ಪಕ್ಕದ ಹಳೆಯ ಪೇಟೆಯ ವಾಣಿಜ್ಯಕ್ಕೂ ಬಹಳ ವ್ಯತ್ಯಾಸವಿತ್ತು. ಪೇಟೆಯಲ್ಲಿ ಅರಳೆ, ದವಸ, ಬಟ್ಟೆ, ಎಣ್ಣೆಗಳಿಗೆ ಒಂದೊಂದು ಬೀದಿ, ತಲೆಮಾರುಗಳಿಂದ ಬಂದ ಗಿರಾಕಿ. ದಂಡಿನಲ್ಲಾದರೋ ಎಲ್ಲಕ್ಕೂ ದೊಡ್ಡ ಗಿರಾಕಿ ಸೈನ್ಯವೊಂದೇ. ಕುದುರೆಗೆ ಹುರುಳಿ ಹುಲ್ಲು, ಸೋಲ್ಜರಿಗೆ ಮಾಂಸ ರೊಟ್ಟಿ, ಬ್ಯಾರಕ್ಕಿಗೆ ಸೌದೆ ದೀಪದೆಣ್ಣೆ – ಇಂಥವನ್ನು ಒದಗಿಸಲು ಗುತ್ತಿಗೆಗಳಿದ್ದವು. ಸೈನ್ಯದ ಸಂಬಳ ಬಟವಾಡೆಯಾದರೆ ಬಜಾರು ತುಂಬುತ್ತಿತ್ತು. ರೆಜಿಮೆಂಟಿಗೆ ಬೇರೆ ಊರಿಗೆ ವರ್ಗವಾದರೆ ಅಂಗಡಿಗಳು ಬಿಕೋ ಎನ್ನುತ್ತಿದ್ದವು. ಸ್ಥಿರಸ್ವತ್ತಿನ ರೀತಿಯೂ ಹೀಗೆಯೇ. ಅಧಿಕಾರಿಗಳು ಕೆಲವು ವರ್ಷ ಇದ್ದು ಹೋಗುವ ಜನ. ಅವರಿಗೆ ವಿಶಾಲವಾದ ಕಾಂಪೌಂಡಿನ ಬಂಗಲೆ ಬೇಕು, ಆದರೆ ಬಾಡಿಗೆಗೆ ಸಾಕು. ಆದಕಾರಣ ಕೈಯಲ್ಲಿ ನಾಲ್ಕು ಕಾಸು ಸೇರಿದ ವರ್ತಕನು ಮೊದಲು ನೋಡುತ್ತಿದ್ದುದು ನೆಲವನ್ನು. ಗುತ್ತಿಗೆ ಈ ವರ್ಷ ಬಂದು ಮುಂದಿನ ವರ್ಷ ಹೋದೀತು. ಮನೆಯ ಬಾಡಿಗೆ ತಿಂಗಳು ತಿಂಗಳೂ ಬರುತ್ತದೆ. ದಂಡಿನ ಬಹುಮಂದಿ ಸಾಹುಕಾರರ ಐಶ್ವರ್ಯ ಗುತ್ತಿಗೆಯಿಂದ ಹುಟ್ಟಿ ಬಾಡಿಗೆಯಿಂದ ಬೆಳೆಯಿತು.

ನಾರಾಯಣಸ್ವಾಮಿ ಮೊದಲಿಯಾರರು ಈ ಲೋಕಕ್ಕೆ ಬಂದಾಗ ಅವರ ಕೈ ಬರಿದಾಗಿತ್ತು. ಬಡತನದಲ್ಲಿ ಬೆಳೆದು, ಸಣ್ಣ ವ್ಯಾಪಾರದಿಂದ ಆರಂಭಿಸಿ, ಕ್ರಮಕ್ರಮವಾಗಿ ಮೇಲೇರಿ, ಕಡೆಗೆ ಸರ್ಕಾರದ ದೊಡ್ಡ ಕಟ್ಟಡಗಳ ಗುತ್ತಿಗೆಯನ್ನು ಹಿಡಿಯುವ ಮಟ್ಟಕ್ಕೆ ಅವರು ಬಂದರು. ಈ ಏಳಿಗೆಗೆ ಕಾಲವೂ ಅನುಕೂಲವಾಗಿತ್ತು. 1831ರಲ್ಲಿ ಮೈಸೂರಿನ ಆಡಳಿತ ಆಂಗ್ಲರ ಕೈಸೇರಿ, ಕಮಿಷನರರ ಆಳ್ವಿಕೆ ಬಂದಿತ್ತು. ಬೆಂಗಳೂರು ಬರಿಯ ದಂಡಿನ ಊರಾಗಿರದೆ ಇಡೀ ಸಂಸ್ಥಾನದ ಆಡಳಿತದ ಊರೂ ಆಯಿತು. 1862ರಲ್ಲಿ ಬೌರಿಂಗ್ ಸಾಹೇಬರು ಕಮಿಷನರರಾದ ಮೇಲೆ ಇಲಾಖೆಗಳು ಬೆಳೆದವು, ಕಾಗದಪತ್ರಗಳು ಹೆಚ್ಚಿದವು. ಕೋಟೆಯೊಳಗಿನ ಟಿಪ್ಪುವಿನ ಅರಮನೆಯಲ್ಲಿ ನಡೆಯುತ್ತಿದ್ದ ಕಚೇರಿಗಳಿಗೆ ಅಲ್ಲಿ ಸ್ಥಳ ಸಾಲದಾಯಿತು. ಪೇಟೆಗೂ ದಂಡಿಗೂ ನಡುವಣ ಬಯಲಿನಲ್ಲಿ ಹೊಸ ಕಚೇರಿಯನ್ನು ಕಟ್ಟುವುದೆಂದು ನಿಶ್ಚಯವಾಯಿತು. ಅದರ ನಕ್ಷೆಯನ್ನು ಸಿದ್ಧಗೊಳಿಸಿದವರು ಇಂಜಿನಿಯರ್ ಸ್ಯಾಂಕಿ. ಅದನ್ನು ಕಟ್ಟುವ ಹೊಣೆ ಹೊತ್ತವರು ಮೊದಲಿಯಾರರು.

1864ರಲ್ಲಿ ಆರಂಭವಾದ ಆ ಕೆಲಸ 1868ರಲ್ಲಿ ಮುಗಿಯಿತು. ಸರ್ಕಾರದ ಹದಿನೆಂಟು ಇಲಾಖೆಗಳು ಒಂದೇ ಸೂರಿನಡಿ ಸೇರಿದುದರಿಂದ ಜನರು ಅದನ್ನು ಅಠಾರಾ ಕಚೇರಿಯೆಂದು ಕರೆದರು. ಕಬ್ಬನ್ ಉದ್ಯಾನದ ಅಂಚಿನಲ್ಲಿ ಉದ್ದುದ್ದನೆಯ ಕಂಬಸಾಲುಗಳಿಂದ ಶೋಭಿಸುವ ಆ ಕೆಂಪು ಕಟ್ಟಡವನ್ನು ನೋಡದ ಬೆಂಗಳೂರಿಗರಿಲ್ಲ. ಕಟ್ಟಡ ಆರಂಭವಾದ 1864ನೆಯ ವರ್ಷದಲ್ಲಿಯೇ ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ ರೈಲು ಬಂದದ್ದನ್ನೂ ಇಲ್ಲಿ ನೆನೆಯಬೇಕು. ಅಲ್ಲಿಯವರೆಗೆ ಎತ್ತಿನ ಗಾಡಿಯಲ್ಲಿ ಘಟ್ಟ ಹತ್ತಿ ಬರುತ್ತಿದ್ದ ಮದರಾಸಿನ ಸರಕು ಇನ್ನು ಮುಂದೆ ಹಳಿಯ ಮೇಲೆ ಬರುವಂತಾಯಿತು. ದಂಡಿನ ವ್ಯಾಪಾರಕ್ಕೆ ಅದು ಹೊಸ ಯುಗ.

ಇಂತಹ ಗುತ್ತಿಗೆಯೆಂದರೆ ಸುಲಭವಾದ ಲಾಭವೆಂದು ಯಾರೂ ಭಾವಿಸಬಾರದು. ಗುತ್ತಿಗೆದಾರನು ಮುಂಚಿತವಾಗಿ ದರ ಒಪ್ಪಿಕೊಂಡು ಠೇವಣಿ ಕಟ್ಟಬೇಕು. ಕಲ್ಲು ಒಡೆಯುವವರಿಗೂ ಸುಣ್ಣ ಸುಡುವವರಿಗೂ ವಾರವಾರವೂ ಕೂಲಿ ಕೊಡಬೇಕು. ಸರ್ಕಾರದ ಹಣವಾದರೋ ಕೆಲಸವನ್ನು ಅಳೆದು, ಪುಸ್ತಕದಲ್ಲಿ ಬರೆದು, ಬಿಲ್ಲು ಮಂಜೂರಾದ ಮೇಲೆ ಬರುವಂಥದು. ಈ ಎರಡರ ನಡುವಣ ಕಾಲವನ್ನು ಗುತ್ತಿಗೆದಾರನು ತನ್ನ ಸಾಲದ ಯೋಗ್ಯತೆಯಿಂದಲೇ ದಾಟಬೇಕು. ದವಸದ ಬೆಲೆ ಏರಿದರೆ ಕೂಲಿ ಏರುತ್ತದೆ, ಒಪ್ಪಿದ ದರ ಏರುವುದಿಲ್ಲ. ಅಳತೆಯಲ್ಲಿ ಕಲ್ಲು ತಳ್ಳುಬಿದ್ದರೆ ನಷ್ಟ ಅವನದೇ. ಆದುದರಿಂದ ಈ ಉದ್ಯೋಗದಲ್ಲಿ ಬಂಡವಾಳಕ್ಕಿಂತ ಮಾತಿಗೆ ಬೆಲೆ ಹೆಚ್ಚು. ಇವನು ಹಿಡಿದ ಕೆಲಸವನ್ನು ಕೈಬಿಡುವವನಲ್ಲ ಎಂಬ ನಂಬಿಕೆಯಿದ್ದರೆ ಮಾತ್ರ ಸಾಲವೂ ಹುಟ್ಟುತ್ತಿತ್ತು, ಕೂಲಿಯವರೂ ನಿಲ್ಲುತ್ತಿದ್ದರು. ನಾಲ್ಕು ವರ್ಷ ಅಂಥ ಕೆಲಸವನ್ನು ನಡೆಸಿ ಮುಗಿಸಿದ ಮೊದಲಿಯಾರರು ಎಷ್ಟು ಗಟ್ಟಿಗರೆಂಬುದಕ್ಕೆ ಆ ಕಟ್ಟಡವೇ ಸಾಕ್ಷಿ.

ಸಂಪಾದಿಸುವುದು ಒಂದು ವಿದ್ಯೆಯಾದರೆ ಸಂಪಾದಿಸಿದ್ದನ್ನು ಉಳಿಸುವುದು ಇನ್ನೊಂದು ವಿದ್ಯೆ. ಹಣ ಕಂಡ ವರ್ತಕರು ಛತ್ರ ಕಟ್ಟಿಸುವುದು, ದೇವಾಲಯಕ್ಕೆ ದತ್ತಿ ಬಿಡುವುದು ನಮ್ಮ ನಾಡಿನಲ್ಲಿ ವಾಡಿಕೆ. ಮೊದಲಿಯಾರರು ಆರಿಸಿಕೊಂಡ ದಾರಿ ಬೇರೆ. 1873ರಲ್ಲಿ ಅವರು ಬಡಮಕ್ಕಳಿಗಾಗಿ ಒಂದು ಪಾಠಶಾಲೆಯನ್ನು ಸ್ಥಾಪಿಸಿದರು. ಆ ಕಾಲದ ಸ್ಥಿತಿಯನ್ನು ನೆನೆದರೆ ಈ ಆಯ್ಕೆಯ ಮಹತ್ವ ತಿಳಿಯುತ್ತದೆ. ದಂಡಿನಲ್ಲಿ ಐರೋಪ್ಯರ ಮತ್ತು ಆಂಗ್ಲೋ-ಇಂಡಿಯನರ ಮಕ್ಕಳಿಗಾಗಿ 1865ರಲ್ಲಿಯೇ ಬಿಷಪ್ ಕಾಟನ್ ಶಾಲೆ ಹುಟ್ಟಿತ್ತು. ಆದರೆ ಅಂಥವರ ಬಂಗಲೆಗಳಲ್ಲಿ ನೀರು ಹೊರುವವನ, ಬಜಾರಿನಲ್ಲಿ ಮೂಟೆ ಹೊರುವವನ ಮಗನಿಗೆ ಅಕ್ಷರದ ಬಾಗಿಲು ಸುಲಭವಾಗಿ ತೆರೆಯುತ್ತಿರಲಿಲ್ಲ.

ಅಕ್ಷರವಿಲ್ಲದಿದ್ದರೆ ದಂಡಿನಂಥ ಊರಿನಲ್ಲಿ ಏನಾಗುತ್ತಿತ್ತು? ಪೇಟೆಯಲ್ಲಿ ಬಾಯಿಮಾತು ನಡೆಯುತ್ತಿದ್ದಿರಬಹುದು. ದಂಡಿನಲ್ಲಿ ಎಲ್ಲವೂ ಕಾಗದ, ಅದೂ ಬಹುಮಟ್ಟಿಗೆ ಇಂಗ್ಲಿಷು. ಗುತ್ತಿಗೆಯ ಕರಾರು, ಬಾಡಿಗೆಯ ರಸೀತಿ, ಸಾಲದ ಪತ್ರ, ನಿವೇಶನದ ಅಪ್ಪಣೆ ಎಲ್ಲವೂ ಬರಹದಲ್ಲೇ. ಓದಲಾರದವನು ತಾನು ಯಾವುದಕ್ಕೆ ಹೆಬ್ಬೆಟ್ಟು ಒತ್ತಿದೆನೆಂದು ತಿಳಿಯದೆಯೇ ಇದ್ದ ಗುಡಿಸಲನ್ನು ಕಳೆದುಕೊಳ್ಳಬಹುದಾಗಿತ್ತು. ಕಾಗದದ ಬಲದಿಂದಲೇ ಮೇಲೇರಿದ ಒಬ್ಬ ಗುತ್ತಿಗೆದಾರನು ಬಡವರ ಮಕ್ಕಳಿಗೆ ಓದುಬರಹವನ್ನು ದಾನ ಮಾಡಿದನೆಂದರೆ, ತಾನು ಹತ್ತಿದ ಏಣಿಯನ್ನು ಹಿಂದಿನವರಿಗಾಗಿ ಅಲ್ಲಿಯೇ ಬಿಟ್ಟನೆಂದು ಅರ್ಥ.

ಆದರೆ ಶಾಲೆಯನ್ನು ತೆರೆಯುವುದು ಸುಲಭ, ನಡೆಸುವುದು ಕಷ್ಟ. ಸಾಹುಕಾರನು ಬದುಕಿರುವವರೆಗೆ ತಿಂಗಳ ಖರ್ಚನ್ನು ತನ್ನ ಕೈಯಿಂದ ಕೊಡಬಹುದು. ಅವನು ಕಣ್ಮುಚ್ಚಿದ ಮೇಲೆ ಸ್ವತ್ತು ಮಕ್ಕಳಲ್ಲಿ ಭಾಗವಾಗುತ್ತದೆ, ಮೊಮ್ಮಕ್ಕಳಲ್ಲಿ ಮತ್ತೂ ಭಾಗವಾಗುತ್ತದೆ, ಮೂರನೆಯ ತಲೆಮಾರಿಗೆ ವ್ಯಾಜ್ಯವೇ ಉಳಿಯುತ್ತದೆ. ಇಂಥ ಕಥೆಗಳು ಯಾವ ಊರಿಗೂ ಹೊಸವಲ್ಲ. ಮೊದಲಿಯಾರರ ವಿದ್ಯಾದಾನ ಈ ಗತಿಗೆ ಬೀಳಲಿಲ್ಲ. ಅದು ಸಾರ್ವಜನಿಕ ಧರ್ಮಸಂಸ್ಥೆಯಾಗಿ ನಿಂತಿತು. ಧರ್ಮಸಂಸ್ಥೆಗೆ ಸೇರಿದ ಸ್ವತ್ತಿಗೆ ಮನುಷ್ಯನು ಒಡೆಯನಲ್ಲ, ಉದ್ದೇಶವೇ ಒಡೆಯ. ಧರ್ಮದರ್ಶಿಗಳು ಅದನ್ನು ಕಾಯಬಹುದು, ಅದರ ಆದಾಯವನ್ನು ಗೊತ್ತಾದ ಕಾರ್ಯಕ್ಕೆ ವಿನಿಯೋಗಿಸಬಹುದು, ತಮ್ಮದೆಂದು ಹಂಚಿಕೊಳ್ಳುವಂತಿಲ್ಲ. ದಂಡಿನಲ್ಲಿ ಎಲ್ಲವೂ ಕ್ರಯವಿಕ್ರಯದ ವಸ್ತುವಾಗಿದ್ದಾಗ, ಕ್ರಯವಿಕ್ರಯಕ್ಕೆ ಸುಲಭವಾಗಿ ಸಿಕ್ಕದ ಒಂದು ಆಸ್ತಿಯನ್ನು ನಿರ್ಮಿಸಿದ್ದು ಮೊದಲಿಯಾರರ ನಿಜವಾದ ವ್ಯವಹಾರಜ್ಞಾನ.

ಶಾಲೆ ಹುಟ್ಟಿದ ಮೂರೇ ವರ್ಷಕ್ಕೆ ಮೈಸೂರು ಸೀಮೆಗೆ 1876-78ರ ಘೋರ ಕ್ಷಾಮ ಬಂದೆರಗಿತು. 1871ರ ಜನಗಣತಿಯಲ್ಲಿ ಐವತ್ತು ಲಕ್ಷವನ್ನು ಮೀರಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ ನಲವತ್ತೆರಡು ಲಕ್ಷಕ್ಕಿಂತ ಕೆಳಗಿಳಿದಿತ್ತು. ಅಂಥ ಕಾಲವನ್ನೂ ಆ ಶಾಲೆ ದಾಟಿತು. 1881ರಲ್ಲಿ ಸಂಸ್ಥಾನವು ಮತ್ತೆ ಒಡೆಯರ ವಂಶಕ್ಕೆ ಬಂದಾಗ ದಂಡು ಪ್ರದೇಶ ಮಾತ್ರ ರೆಸಿಡೆಂಟರ ಅಧೀನದಲ್ಲಿಯೇ ಉಳಿಯಿತು. ಆ ವರ್ಷದ ಗಣತಿಯಂತೆ ದಂಡಿನಲ್ಲಿ 93,540 ಜನ, ಪೇಟೆಯ ಕಡೆ 62,317 ಜನ. ಒಂದೇ ಬೆಂಗಳೂರಿನಲ್ಲಿ ಎರಡು ಆಡಳಿತ, ಎರಡು ಪುರಸಭೆ. ಈ ಏರ್ಪಾಡು 1947ರ ಜುಲೈವರೆಗೆ ನಡೆಯಿತು. ಮೊದಲಿಯಾರರಿಗೆ ರಾಯ್ ಬಹಾದ್ದೂರ್ ಎಂಬ ಬಿರುದೂ ಧರ್ಮರತ್ನಾಕರ ಎಂಬ ಬಿರುದೂ ಸಂದವು. ರಾಯ್ ಬಹಾದ್ದೂರರು ಆ ಕಾಲದಲ್ಲಿ ಹಲವರಿದ್ದರು. ಧರ್ಮರತ್ನಾಕರ ಎಂಬ ಹೆಸರಿಗೆ ಅರ್ಥ ತಂದುಕೊಟ್ಟದ್ದು ಶಾಲೆ.

ಅವರು ನೆಟ್ಟ ಸಸಿ ಈಗ ಮರವಾಗಿದೆ. ಹಲಸೂರು ಕೆರೆಯ ಸಮೀಪದಲ್ಲಿ ಅವರ ಹೆಸರಿನ ಮೊದಲಕ್ಷರಗಳನ್ನು ಹೊತ್ತ ಆರ್.ಬಿ.ಎ.ಎನ್.ಎಂ. ವಿದ್ಯಾಸಂಸ್ಥೆಗಳು, ಪದವಿ ಕಾಲೇಜೂ ಸೇರಿದಂತೆ, ಬೆಳೆದಿವೆ. ಅವರು ಕಟ್ಟಿದ ಅಠಾರಾ ಕಚೇರಿಯೂ ನಿಂತಿದೆ. 1956ರಲ್ಲಿ ವಿಧಾನಸೌಧ ಸಿದ್ಧವಾದ ಮೇಲೆ ಸಚಿವಾಲಯ ಅಲ್ಲಿಗೆ ಹೋಗಿ, ಹಳೆಯ ಕಟ್ಟಡ ಉಚ್ಚ ನ್ಯಾಯಾಲಯದ ಮನೆಯಾಯಿತು. 1980ರ ದಶಕದಲ್ಲಿ ಅದನ್ನು ಕೆಡವುವ ಮಾತು ಬಂದಾಗ ನಾಗರಿಕರು ನ್ಯಾಯಾಲಯದ ಮೊರೆಹೊಕ್ಕು ಹೋರಾಡಿದರು, ಕಟ್ಟಡ ಉಳಿಯಿತು.

ಶಾಲೆಯ ಸ್ವತ್ತಿಗೂ ಇಂಥದೇ ಒಂದು ಪರೀಕ್ಷೆ ಬಂದಿತು. ನಗರ ಬೆಳೆದಂತೆ ಹಲಸೂರಿನ ನೆಲಕ್ಕೆ ಚಿನ್ನದ ಬೆಲೆ ಬಂದಿದೆ. ಸಂಸ್ಥೆಯ ಸ್ವಾಧೀನದಲ್ಲಿದ್ದ ಒಂದು ಆಸ್ತಿಯನ್ನು ಕೊಳ್ಳಲು ತಾವು ಬೇರೆಯವರೊಡನೆ ಒಂಬತ್ತು ಕೋಟಿ ರೂಪಾಯಿಗೆ 2018ರಲ್ಲಿ ಕರಾರು ಮಾಡಿಕೊಂಡು, 75 ಲಕ್ಷವನ್ನು ನಗದಾಗಿ ಕೊಟ್ಟಿರುವುದಾಗಿ ಹೇಳಿ ಕೆಲವರು ಸಂಸ್ಥೆಯ ಮೇಲೆ ದಾವೆ ಹೂಡಿದರು. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಆ ದಾವೆಯನ್ನು ತಿರಸ್ಕರಿಸಿತು. 1882ರ ಸ್ವತ್ತು ವರ್ಗಾವಣೆ ಕಾಯಿದೆಯ ಪ್ರಕಾರ ಬರಿಯ ಕ್ರಯದ ಕರಾರಿನಿಂದ ಸ್ವತ್ತಿನಲ್ಲಿ ಹಕ್ಕು ಹುಟ್ಟುವುದಿಲ್ಲವೆಂದೂ, ಅಂಥ ಕರಾರು ಹಿಡಿದು ಸ್ವಾಧೀನದಲ್ಲಿರುವ ಮೂರನೆಯವರ ಮೇಲೆ ಹೋಗಲಾಗದೆಂದೂ ನಿರ್ಣಯಿಸಿತು. ಎರಡು ಲಕ್ಷಕ್ಕೆ ಮೇಲ್ಪಟ್ಟ ನಗದು ವ್ಯವಹಾರ ದಾವೆಗಳಲ್ಲಿ ಕಂಡುಬಂದರೆ ಆದಾಯ ತೆರಿಗೆ ಇಲಾಖೆಗೆ ತಿಳಿಸಬೇಕೆಂದೂ ಅಪ್ಪಣೆ ಮಾಡಿತು. ಹೀಗೆ, ಬಡಮಕ್ಕಳ ಶಾಲೆಯೊಂದರ ನೆಲದ ವ್ಯಾಜ್ಯ ದೇಶಕ್ಕೆಲ್ಲ ಅನ್ವಯಿಸುವ ನಿಯಮಕ್ಕೆ ಕಾರಣವಾಯಿತು.

ಧರ್ಮದ ಆಸ್ತಿಯನ್ನು ಒಮ್ಮೆ ಬರೆದುಕೊಟ್ಟರೆ ಸಾಲದು, ಪ್ರತಿ ತಲೆಮಾರೂ ಅದನ್ನು ಕಾಯಬೇಕೆಂಬುದು ಈ ಇತಿಹಾಸದಿಂದ ನಾವು ಕಲಿಯಬೇಕಾದ ಪಾಠ. ದಾನಿಗಳ ಔದಾರ್ಯದಿಂದಲೋ ಸರ್ಕಾರದ ಹಣದಿಂದಲೋ ನಡೆಯುವ ಶಾಲೆಗಳಲ್ಲಿ ಓದಿ ಬಂದ ನಮ್ಮಂಥ ವಿದ್ಯಾರ್ಥಿಗಳಿಗೆ ಇದು ದೂರದ ಮಾತಲ್ಲ. ನಾವು ಕುಳಿತ ಬೆಂಚು, ಆಡಿದ ಬಯಲು ಯಾರೋ ಮಾರದೆ ಉಳಿಸಿಕೊಟ್ಟದ್ದು. ಹತ್ತೊಂಬತ್ತನೆಯ ಶತಮಾನದ ದಂಡಿನಲ್ಲಿ ಬಂಗಲೆಗಳನ್ನು ಕೊಂಡವರು, ಮಾರಿದವರು ಅಸಂಖ್ಯಾತರು. ಅವರ ಕ್ರಯಪತ್ರಗಳು ಎಲ್ಲಿ ಹೋದವೋ ಬಲ್ಲವರಿಲ್ಲ. ಮೊದಲಿಯಾರರು ತೆರೆದ ಶಾಲೆಯಲ್ಲಿ ಮಾತ್ರ ಇಂದಿಗೂ ಬೆಳಗಾದರೆ ಗಂಟೆ ಹೊಡೆಯುತ್ತದೆ.