ಹ್ಯಾರಿ ಫರ್ಗುಸನ್ ಮತ್ತು ಮೂರು ಕೊಂಡಿಗಳು

ಬೇಸಿಗೆಯಲ್ಲಿ ವಿಜಯನಗರ, ಬಸವೇಶ್ವರನಗರ, ಕೆಂಗೇರಿಯ ಬೀದಿಗಳಿಗೆ ನೀರಿನ ಟ್ಯಾಂಕರು ಎಳೆದುತರುವ ಟ್ರ್ಯಾಕ್ಟರುಗಳ ಹಿಂಬದಿಯನ್ನು ಗಮನಿಸಿ. ಟ್ಯಾಂಕರು ಸಿಕ್ಕಿಸಿದ ಕೊಕ್ಕೆಯ ಆಚೀಚೆ ಎರಡು ಉಕ್ಕಿನ ತೋಳುಗಳಿರುತ್ತವೆ. ಅವೆರಡರ ನಡುವೆ, ತುಸು ಮೇಲೆ, ತಿರುಪಿನಿಂದ ಉದ್ದ-ಗಿಡ್ಡ ಮಾಡಬಹುದಾದ ಮೂರನೆಯ ತೋಳಿಗೆ ಜಾಗವಿರುತ್ತದೆ. ಊರೊಳಗೆ ಅವಕ್ಕೆ ಕೆಲಸವಿಲ್ಲ. ಮಾಗಡಿ ರಸ್ತೆಯಲ್ಲಿ ತಾವರೆಕೆರೆ ದಾಟಿ ರಾಗಿ ಹೊಲಕ್ಕಿಳಿದರೆ ಟ್ರ್ಯಾಕ್ಟರಿನ ಜೀವಾಳವೇ ಅವು. ಈ ಏರ್ಪಾಡನ್ನು ಜಗತ್ತಿಗೆ ಕೊಟ್ಟವನು ಹ್ಯಾರಿ ಫರ್ಗುಸನ್. ನಮ್ಮ ರೈತರಿಗೆ ಆತನ ಹೆಸರು ‘ಮ್ಯಾಸ್ಸಿ’ ಎಂಬ ಇನ್ನೊಂದು ಹೆಸರಿನ ಬಾಲವಾಗಿ ಮಾತ್ರ ಪರಿಚಿತ.

ಫರ್ಗುಸನ್ ಹುಟ್ಟಿದ್ದು 1884ರ ನವೆಂಬರ್ 4ರಂದು, ಐರ್ಲೆಂಡಿನ ಡೌನ್ ಪ್ರಾಂತ್ಯದ ಗ್ರೋವೆಲ್ ಎಂಬ ಹಳ್ಳಿಯ ರೈತ ಕುಟುಂಬದಲ್ಲಿ. ತಂದೆ ಕಟ್ಟುನಿಟ್ಟಿನ ಧರ್ಮನಿಷ್ಠರು. ಹದಿನಾಲ್ಕರ ವಯಸ್ಸಿಗೇ ಶಾಲೆ ಬಿಟ್ಟ ಹುಡುಗನಿಗೆ ಹೊಲದ ದುಡಿಮೆಯೂ ಹಿಡಿಸಲಿಲ್ಲ. 1902ರಲ್ಲಿ ಬೆಲ್‌ಫಾಸ್ಟಿನಲ್ಲಿ ಅಣ್ಣನ ಸೈಕಲ್, ಕಾರು ರಿಪೇರಿ ಅಂಗಡಿ ಸೇರಿದ. 1909ರ ಡಿಸೆಂಬರ್ 31ರಂದು ತಾನೇ ಕಟ್ಟಿದ ವಿಮಾನದಲ್ಲಿ ಸುಮಾರು 120 ಮೀಟರ್ ಹಾರಿ, ಐರ್ಲೆಂಡಿನಲ್ಲಿ ಯಂತ್ರಚಾಲಿತ ವಿಮಾನ ಹಾರಿಸಿದ ಮೊದಲಿಗನೆನಿಸಿದ. ಹೊಲವನ್ನು ಬಿಟ್ಟು ಓಡಿದವನನ್ನು ಮತ್ತೆ ಹೊಲಕ್ಕೆ ತಂದದ್ದು ಮೊದಲ ಮಹಾಯುದ್ಧ. ಆಹಾರದ ಅಭಾವ ತಲೆದೋರಿದಾಗ, 1917ರಲ್ಲಿ ಅಲ್ಲಿನ ಕೃಷಿ ಮಂಡಳಿ ಟ್ರ್ಯಾಕ್ಟರುಗಳ ಕೆಲಸವನ್ನು ಸುಧಾರಿಸುವ ಹೊಣೆಯನ್ನು ಆತನಿಗೆ ವಹಿಸಿತು. ಸಹೋದ್ಯೋಗಿ ವಿಲಿ ಸ್ಯಾಂಡ್ಸ್‌ನೊಡನೆ ಊರೂರು ಸುತ್ತಿದ ಫರ್ಗುಸನ್ ಕಂಡದ್ದು ಒಂದೇ ದೃಶ್ಯ: ಎತ್ತು, ಕುದುರೆಗಳ ಜಾಗದಲ್ಲಿ ಎಂಜಿನ್ ಬಂದಿದೆ, ನೇಗಿಲು ಮಾತ್ರ ಹಳೆಯ ಬಂಡಿಯಂತೆ ಹಿಂದೆ ಸರಪಳಿಯಲ್ಲಿ ಎಳೆಸಿಕೊಳ್ಳುತ್ತಿದೆ.

ಇದರಲ್ಲಿ ಜೀವಾಪಾಯವಿತ್ತು. ನೇಗಿಲು ಬಂಡೆಗೋ ಬೇರಿಗೋ ಸಿಕ್ಕಿಕೊಂಡರೆ ಹಿಂದಿನ ಚಕ್ರ ನಿಲ್ಲುತ್ತಿತ್ತು, ಎಂಜಿನ್ ನಿಲ್ಲುತ್ತಿರಲಿಲ್ಲ. ಟ್ರ್ಯಾಕ್ಟರಿನ ಮೂತಿ ಮೇಲೆದ್ದು, ಇಡೀ ಯಂತ್ರ ಹಿಂದಕ್ಕೆ ಮಗುಚಿ ಚಾಲಕನ ಮೇಲೆ ಬೀಳುತ್ತಿತ್ತು. ಆ ಕಾಲದ ಫೋರ್ಡ್‌ಸನ್ ಟ್ರ್ಯಾಕ್ಟರುಗಳು ಈ ಕಾರಣಕ್ಕೆ ಕುಖ್ಯಾತವಾಗಿದ್ದವು. ಯಂತ್ರವನ್ನು ಇನ್ನಷ್ಟು ಭಾರ ಮಾಡುವುದೊಂದೇ ತಯಾರಕರಿಗೆ ತಿಳಿದಿದ್ದ ಪರಿಹಾರ. ಭಾರ ಹೆಚ್ಚಿದಷ್ಟೂ ಬೆಲೆ ಹೆಚ್ಚು, ಇಂಧನ ಹೆಚ್ಚು, ಮಣ್ಣು ಗಟ್ಟಿಯಾಗುವುದೂ ಹೆಚ್ಚು. ಸಣ್ಣ ರೈತನಿಗೆ ಅದು ಎಟುಕದ ಮಾತು.

ಫರ್ಗುಸನ್ ಬೇರೆ ದಾರಿ ಹಿಡಿದ. 1925ರಲ್ಲಿ ಸಲ್ಲಿಸಿ ಮರುವರ್ಷ ಪಡೆದ ಬ್ರಿಟಿಷ್ ಪೇಟೆಂಟಿನಲ್ಲಿ ಆ ದಾರಿಯ ತಿರುಳಿದೆ. ಕೆಳಗಿನ ಎರಡು ತೋಳುಗಳು ನೇಗಿಲನ್ನು ಎಳೆಯುತ್ತವೆ. ಮಣ್ಣು ಎದುರೊತ್ತಿದಾಗ ನೇಗಿಲು ಮುಂದಕ್ಕೆ ಮುಗ್ಗರಿಸಲು ನೋಡುತ್ತದೆ; ಆ ಒತ್ತಡವನ್ನು ಮೇಲಿನ ತೋಳು, ಅಂದರೆ ನಮ್ಮ ಚಾಲಕರು ಟಾಪ್ ಲಿಂಕ್ ಎನ್ನುವುದು, ಟ್ರ್ಯಾಕ್ಟರಿನತ್ತ ದೂಡುತ್ತದೆ. ಆ ದೂಡುವಿಕೆಯೇ ಮೂತಿಯನ್ನು ನೆಲಕ್ಕೆ ಒತ್ತಿ ಹಿಡಿಯುತ್ತದೆ, ನೇಗಿಲಿನ ಭಾರವನ್ನು ಹಿಂದಿನ ಚಕ್ರಗಳ ಮೇಲೆ ಹೇರುತ್ತದೆ. ಮಣ್ಣು ಬಿಗಿಯಾದರೆ ಅದೇ ಒತ್ತಡ ಒಂದು ಸ್ಪ್ರಿಂಗನ್ನು ಅದುಮಿ, ಹೈಡ್ರಾಲಿಕ್ ಕವಾಟ ತೆರೆಸಿ, ನೇಗಿಲನ್ನು ತಾನಾಗಿ ತುಸು ಮೇಲೆತ್ತುತ್ತದೆ. ಮಗುಚಿಸಿ ಕೊಲ್ಲುತ್ತಿದ್ದ ಶಕ್ತಿಯನ್ನೇ ಆತ ಚಕ್ರದ ಹಿಡಿತಕ್ಕೆ ದುಡಿಸಿಕೊಂಡ. ಯೋಚಿಸಿದರೆ ನಮ್ಮ ಆರಂಬಗಾರನಿಗೆ ಇದು ತೀರ ಅಪರಿಚಿತವಲ್ಲ. ಈಸಿನ ತುದಿಯ ಕಚ್ಚುಗಳಲ್ಲಿ ನೊಗವನ್ನು ಹಿಂದೆ ಮುಂದೆ ಕಟ್ಟಿ ಉಳುಮೆಯ ಆಳವನ್ನು ಬದಲಿಸುತ್ತಿದ್ದವನಿಗೆ, ನೇಗಿಲು ಎಷ್ಟು ಇಳಿಯುತ್ತದೆಂಬುದು ಅದನ್ನು ಎಲ್ಲಿ ಕಟ್ಟಿದೆ ಎಂಬುದರ ಮೇಲಿದೆ ಎಂದು ಗೊತ್ತಿತ್ತು.

ಕಂಡುಹಿಡಿದದ್ದನ್ನು ಮಾರುವುದರಲ್ಲಿ ಆತನ ಅರ್ಧ ಆಯುಷ್ಯ ಕಳೆಯಿತು. 1933ರಲ್ಲಿ ಮಾದರಿಗಾಗಿ ಒಂದು ಕಪ್ಪು ಟ್ರ್ಯಾಕ್ಟರನ್ನು ತಾನೇ ಕಟ್ಟಿಸಿದ. 1936ರಿಂದ ಡೇವಿಡ್ ಬ್ರೌನ್ ಜತೆಗೂಡಿ ಸುಮಾರು 1,350 ಟ್ರ್ಯಾಕ್ಟರು ತಯಾರಿಸಿದ್ದಾಯಿತು. ಪಾಲುದಾರರೊಡನೆ ಹೊಂದಿಕೊಂಡು ಹೋಗುವುದು ಆತನ ಜಾಯಮಾನವಾಗಿರಲಿಲ್ಲ. 1938ರ ಅಕ್ಟೋಬರಿನಲ್ಲಿ ಅಮೆರಿಕದ ಡಿಯರ್‌ಬಾರ್ನ್‌ನಲ್ಲಿ ಹೆನ್ರಿ ಫೋರ್ಡ್ ಎದುರು ತನ್ನ ಯಂತ್ರ ಉಳುವುದನ್ನು ತೋರಿಸಿದ. ಇಬ್ಬರೂ ಕೈ ಕುಲುಕಿದರು. ಕಾಗದದ ಕರಾರು ಆಗಲಿಲ್ಲ. 1939ರಲ್ಲಿ ಬಂದ, ಒಂದು ಟನ್ನಿಗಿಂತ ತುಸು ಹೆಚ್ಚು ತೂಕದ ಫೋರ್ಡ್ 9ಎನ್ ಟ್ರ್ಯಾಕ್ಟರು ಆ ಕೈಕುಲುಕಿನ ಫಲ.

ಕಡತಗಳ ನಡುವೆ ಬಾಳಿದ ನನ್ನಂಥವನಿಗೆ ಲಿಖಿತವಿಲ್ಲದ ಒಪ್ಪಂದ ಎಂದರೆ ದಿಗಿಲು. ದಿಗಿಲು ನಿಜವೂ ಆಯಿತು. ಹಿರಿಯ ಫೋರ್ಡ್ ಪಕ್ಕಕ್ಕೆ ಸರಿದು ಮೊಮ್ಮಗ ಎರಡನೆಯ ಹೆನ್ರಿ ಫೋರ್ಡ್ ಅಧಿಕಾರಕ್ಕೆ ಬಂದ ಮೇಲೆ ಒಪ್ಪಂದ 1947ರಲ್ಲಿ ಮುರಿದುಬಿತ್ತು. ಫರ್ಗುಸನ್‌ನ ಜೋಡಣೆ ಮಾತ್ರ ಫೋರ್ಡ್‌ನ ಹೊಸ ಟ್ರ್ಯಾಕ್ಟರಿನಲ್ಲಿ ಮುಂದುವರಿಯಿತು. 1948ರಲ್ಲಿ ಆತ 25.1 ಕೋಟಿ ಡಾಲರಿನ ದಾವೆ ಹೂಡಿದ. ನಾಲ್ಕು ವರ್ಷಗಳ ಬಳಿಕ, 1952ರಲ್ಲಿ, 92.5 ಲಕ್ಷ ಡಾಲರಿಗೆ ರಾಜಿಯಾಯಿತು. ಕೇಳಿದ್ದರ ಎದುರು ಇದು ಚಿಲ್ಲರೆ ಎನಿಸಬಹುದು. ಆದರೆ ಅಂಥ ದೈತ್ಯ ಸಂಸ್ಥೆ ಹೊರಗಿನ ಒಬ್ಬನ ಪೇಟೆಂಟಿಗೆ ಬೆಲೆ ತೆತ್ತಿತಲ್ಲ, ಅದೇ ನನಗೆ ದೊಡ್ಡದಾಗಿ ಕಾಣುತ್ತದೆ.

ಅಷ್ಟರಲ್ಲಿ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ 1946ರಿಂದ ಆತನ ಬೂದು ಬಣ್ಣದ ಟಿಇ20 ಸಣ್ಣ ಟ್ರ್ಯಾಕ್ಟರು ತಯಾರಾಗತೊಡಗಿತ್ತು. 1956ರ ವೇಳೆಗೆ ಐದು ಲಕ್ಷ ದಾಟಿತು. ಎಡ್ಮಂಡ್ ಹಿಲರಿಯ ತಂಡ 1958ರ ಜನವರಿಯಲ್ಲಿ ದಕ್ಷಿಣ ಧ್ರುವ ತಲುಪಿದ್ದು ಫರ್ಗುಸನ್ ಟ್ರ್ಯಾಕ್ಟರುಗಳಲ್ಲೇ. ಉಳುಮೆಯ ವೆಚ್ಚ ಇಳಿದರೆ ಆಹಾರದ ಬೆಲೆ ಇಳಿಯುತ್ತದೆ, ಹಸಿವು ಅಡಗಿದರೆ ಯುದ್ಧವೂ ಅಡಗುತ್ತದೆ ಎಂಬುದು ಆತನ ಗಟ್ಟಿ ನಂಬಿಕೆ. ಅರ್ಥಶಾಸ್ತ್ರ ಓದಿದವನಾಗಿ ಎರಡನೆಯ ಹೆಜ್ಜೆಯನ್ನು ನಾನು ಒಪ್ಪಲಾರೆ, ಮೊದಲನೆಯದನ್ನು ತಳ್ಳಿಹಾಕಲಾರೆ. 1953ರಲ್ಲಿ ಕಂಪನಿಯನ್ನು ಕೆನಡಾದ ಮ್ಯಾಸ್ಸಿ-ಹ್ಯಾರಿಸ್ ಜತೆ ವಿಲೀನಗೊಳಿಸಿದ ಆತ ಮರುವರ್ಷವೇ ಜಗಳವಾಡಿ ಹೊರಬಂದ. 1960ರ ಅಕ್ಟೋಬರ್ 25ರಂದು ಔಷಧದ ಅತಿ ಸೇವನೆಯಿಂದ ತೀರಿಕೊಂಡ. ಅದು ಆಕಸ್ಮಿಕವೋ ಅಲ್ಲವೋ ಎಂಬುದು ವಿಚಾರಣೆಯಲ್ಲಿ ಇತ್ಯರ್ಥವಾಗಲಿಲ್ಲ.

ಅದೇ 1960ರಲ್ಲಿ ಮದ್ರಾಸಿನಲ್ಲಿ ಟ್ಯಾಫೆ ಕಂಪನಿ ಸ್ಥಾಪನೆಯಾಗಿ ಫರ್ಗುಸನ್ ಹೆಸರು ನಮ್ಮ ಹೊಲಗಳಿಗೆ ಬಂತು. ಬೆಂಗಳೂರಿನಲ್ಲೇ 1967ರಲ್ಲಿ ಆರಂಭವಾದ ವಿಎಸ್‌ಟಿ ಕಂಪನಿ ಪವರ್ ಟಿಲ್ಲರುಗಳ ಜತೆಗೆ ಸಣ್ಣ ಟ್ರ್ಯಾಕ್ಟರುಗಳನ್ನೂ ತಂದಿತು. ಅವುಗಳ ಹಿಂದೆಯೂ ಇವೇ ಮೂರು ತೋಳುಗಳು. ಯಂತ್ರ ಬಂತು, ಅದರ ಹಿಂದಿನ ವಿಚಾರ ಬರಲಿಲ್ಲ ಎಂದು ನನಗೆ ಅನ್ನಿಸುವುದು ಮಾಗಡಿ ಕಡೆಯ ಹೊಲಗಳನ್ನು ನೋಡಿದಾಗ. ಕಲ್ಟಿವೇಟರು ಇಳಿಯುತ್ತಿಲ್ಲವೆಂದು ಅದರ ಮೇಲೆ ಕಲ್ಲು ಹೇರುತ್ತಾರೆ, ಕೆಲವೊಮ್ಮೆ ಹುಡುಗನನ್ನೇ ಕೂರಿಸುತ್ತಾರೆ. ಬೇಕಾದದ್ದು ಟಾಪ್ ಲಿಂಕಿನ ಕೆಲವು ಸುತ್ತು. ಅದು ತೀರ ಗಿಡ್ಡವಾದರೆ ಮುಂದಿನ ಹಲ್ಲುಗಳು ಮಾತ್ರ ಕಚ್ಚುತ್ತವೆ, ಉದ್ದವಾದರೆ ಹಿಂದಿನವು ಮಾತ್ರ. ಉಪಕರಣದ ಚೌಕಟ್ಟು ನೆಲಕ್ಕೆ ಸಮನಾಗಿ ನಿಲ್ಲಬೇಕು. ನೇಗಿಲು ಹೊಡೆಯುವಾಗ ಬಲಚಕ್ರ ಸಾಲಿನೊಳಗೆ ಇಳಿದಿರುವುದರಿಂದ, ಬಲತೋಳನ್ನು ಎತ್ತುವ ಸಲಾಕೆಯನ್ನು ಅಷ್ಟೇ ಗಿಡ್ಡ ಮಾಡಬೇಕು. ಪಕ್ಕದ ಸರಪಳಿಗಳು ನೇಗಿಲಿಗೆ ತುಸು ಸಡಿಲ, ರೋಟಾವೇಟರಿಗೆ ಬಿಗಿ.

ಇದನ್ನು ಮಾಡದೆ ಉತ್ತರೆ ನಷ್ಟ ಚಾಲಕನದಲ್ಲ. ಎರಡು ಎಕರೆಯವನು ಟ್ರ್ಯಾಕ್ಟರನ್ನು ಬಾಡಿಗೆಗೆ ಕರೆಸುತ್ತಾನೆ, ಗಂಟೆಯ ಲೆಕ್ಕದಲ್ಲಿ ಹಣ ಕೊಡುತ್ತಾನೆ. ಚಕ್ರ ಜಾರಿದ ಪ್ರತಿ ನಿಮಿಷವೂ ಅವನ ಖಾತೆಗೇ. ರಾಜ್ಯ ಸರ್ಕಾರ 2014-15ರಲ್ಲಿ ತಂದ ಕೃಷಿ ಯಂತ್ರಧಾರೆ ಯೋಜನೆ ಬಾಡಿಗೆ ಯಂತ್ರವನ್ನು ರೈತನ ಸಮೀಪಕ್ಕೆ ತಂದಿತು. ಕೆಲಸ ಶುರುವಾಗುವ ಮೊದಲು ಕೊಂಡಿ ಸರಿಮಾಡುವ ಹತ್ತು ನಿಮಿಷವನ್ನು ಬಾಡಿಗೆಯ ಷರತ್ತಿನಲ್ಲೇ ಸೇರಿಸಬೇಕು. ಇನ್ನೂ ಘೋರವಾದದ್ದು ನೀಲಗಿರಿ ಬುಡ ಕೀಳುವಾಗ ಸರಪಳಿಯನ್ನು ಟಾಪ್ ಲಿಂಕಿನ ಕಿವಿಗೆ ಕಟ್ಟುವ ರೂಢಿ. ಎಳೆತ ಅಚ್ಚಿನ ಮಟ್ಟಕ್ಕಿಂತ ಮೇಲಾದರೆ, ಫರ್ಗುಸನ್ ತಪ್ಪಿಸಿದ ಸಾವನ್ನು ನಾವೇ ಕರೆದಂತೆ. ಮಗುಚಲು ಕ್ಷಣ ಸಾಕು, ಜಿಗಿಯಲು ಅದು ಸಾಲದು. ಸರಪಳಿಯ ಜಾಗ ಕೆಳಗಿನ ಡ್ರಾಬಾರ್ ಒಂದೇ.

ಫರ್ಗುಸನ್ ತನ್ನ ಟ್ರ್ಯಾಕ್ಟರಿನ ಜತೆ ಒಂದು ಸ್ಪ್ಯಾನರ್ ಕೊಡುತ್ತಿದ್ದ. ಅದರ ಹಿಡಿಯ ಮೇಲೆ ಅಂಗುಲದ ಗೆರೆಗಳಿದ್ದವು. ಜೋಡಿಸಬೇಕಾದುದನ್ನು ಅಳೆಯುವುದಕ್ಕೂ ಅದೇ ಆಗುತ್ತಿತ್ತು. ನಮ್ಮ ಕಡೆಯ ಬಾಡಿಗೆ ಟ್ರ್ಯಾಕ್ಟರುಗಳ ಪೆಟ್ಟಿಗೆಯಲ್ಲಿ ನಾನು ನೋಡಿದ್ದು ಹೆಚ್ಚಾಗಿ ಒಂದು ಸುತ್ತಿಗೆ, ಒಂದಿಷ್ಟು ತಂತಿ.