ಹಾರ್ವಿ ಪೆನಿಕ್

ಹಾರ್ವಿ ಪೆನಿಕ್ (ಅಕ್ಟೋಬರ್ 23, 1904 – ಏಪ್ರಿಲ್ 2, 1995) ಅಮೆರಿಕ ಸಂಯುಕ್ತ ಸಂಸ್ಥಾನದ ಖ್ಯಾತ ಗಾಲ್ಫ್ ಶಿಕ್ಷಕರು. ಟೆಕ್ಸಾಸ್ ವಿಶ್ವವಿದ್ಯಾಲಯದ ಗಾಲ್ಫ್ ತಂಡಕ್ಕೆ ಮೂರು ದಶಕಗಳಿಗೂ ಹೆಚ್ಚು ಕಾಲ ತರಬೇತುದಾರರಾಗಿದ್ದರು. ಅವರ 'ಲಿಟಲ್ ರೆಡ್ ಬುಕ್' ಕ್ರೀಡಾ ಸಾಹಿತ್ಯದಲ್ಲಿ ಅತಿ ಹೆಚ್ಚು ಮಾರಾಟವಾದ ಕೃತಿಗಳಲ್ಲಿ ಒಂದು.

ಆರಂಭಿಕ ಜೀವನ

ಪೆನಿಕ್ ಟೆಕ್ಸಾಸ್ ರಾಜ್ಯದ ರಾಜಧಾನಿ ಆಸ್ಟಿನ್ ನಗರದಲ್ಲಿ ಜನಿಸಿದರು. ಎಂಟನೆಯ ವಯಸ್ಸಿನಲ್ಲಿ ಆಸ್ಟಿನ್ ಕಂಟ್ರಿ ಕ್ಲಬ್ಬಿನಲ್ಲಿ ಆಟಗಾರರ ಕೋಲುಗಳ ಚೀಲ ಹೊರುವ ಕ್ಯಾಡಿಯಾಗಿ ಸೇರಿದರು. 1923ರಲ್ಲಿ, ಇಪ್ಪತ್ತು ವರ್ಷ ತುಂಬುವ ಮೊದಲೇ, ಅದೇ ಕ್ಲಬ್ಬಿನ ಮುಖ್ಯ ಗಾಲ್ಫ್ ಶಿಕ್ಷಕರಾಗಿ 1971ರವರೆಗೆ ಆ ಹುದ್ದೆಯಲ್ಲಿದ್ದರು. ಸ್ಪರ್ಧಾತ್ಮಕ ಆಟಗಾರನಾಗುವ ಆಸೆ ಅವರಿಗೂ ಇತ್ತು. ಆದರೆ ಸ್ಯಾಮ್ ಸ್ನೀಡ್ ಅವರ ಹೊಡೆತವನ್ನು ಹತ್ತಿರದಿಂದ ಕಂಡ ಮೇಲೆ ತಮ್ಮ ಹಾದಿ ಬೋಧನೆಯೇ ಎಂದು ನಿರ್ಧರಿಸಿದರು.

ಕಾಲೇಜು ತರಬೇತುದಾರರಾಗಿ

1931ರಿಂದ 1963ರವರೆಗೆ ಕ್ಲಬ್ಬಿನ ಕೆಲಸದ ಜೊತೆಗೇ ಅವರು ವಿಶ್ವವಿದ್ಯಾಲಯದ ತಂಡವನ್ನೂ ನಡೆಸಿದರು. ಈ ಅವಧಿಯಲ್ಲಿ ತಂಡವು ಸೌತ್‌ವೆಸ್ಟ್ ಕಾನ್ಫರೆನ್ಸ್ ಪ್ರಶಸ್ತಿಯನ್ನು 21 ಬಾರಿ ಗೆದ್ದಿತು. ತಂಡದ ಎಡ್ ವೈಟ್ 1935ರಲ್ಲಿ ರಾಷ್ಟ್ರೀಯ ಕಾಲೇಜು ವೈಯಕ್ತಿಕ ಚಾಂಪಿಯನ್ ಆದರು. ಅಮೆರಿಕದ ಕಾಲೇಜು ಗಾಲ್ಫ್ ತರಬೇತುದಾರರ ಸಂಘವು 1958ರಲ್ಲಿ ಸ್ಥಾಪನೆಯಾಗುವ ವೇಳೆಗೆ ಪೆನಿಕ್ ಈ ಕೆಲಸದಲ್ಲಿ ಕಾಲು ಶತಮಾನಕ್ಕೂ ಹೆಚ್ಚು ಕಾಲ ಕಳೆದಿದ್ದರು. ವಿಶ್ವವಿದ್ಯಾಲಯದ ತಂಡ ಮೊದಲ ಬಾರಿಗೆ ರಾಷ್ಟ್ರೀಯ ಪ್ರಶಸ್ತಿ ಗಳಿಸಿದ್ದು ಅವರು ನಿವೃತ್ತರಾದ ನಂತರ, 1971ರಲ್ಲಿ. ಆ ತಂಡದಲ್ಲಿದ್ದ ಟಾಮ್ ಕೈಟ್ ಮತ್ತು ಬೆನ್ ಕ್ರೆನ್‌ಶಾ ಬಾಲ್ಯದಲ್ಲಿ ಆಸ್ಟಿನ್ ಕ್ಲಬ್ಬಿನಲ್ಲಿ ಪೆನಿಕ್ ಅವರಿಂದಲೇ ಆಟ ಕಲಿತವರು.

ಬೋಧನಾ ಕ್ರಮ

ಎಲ್ಲರಿಗೂ ಒಂದೇ ಪಾಠ ಹೇಳುವ ಪದ್ಧತಿ ಅವರದಾಗಿರಲಿಲ್ಲ. ಕೋಲಿನ ಹಿಡಿತ ಮತ್ತು ಗುರಿಗೆ ಒತ್ತು ಕೊಟ್ಟು, ಪ್ರತಿಯೊಬ್ಬರ ಸಹಜ ಶೈಲಿಯನ್ನು ಉಳಿಸಿಕೊಂಡು ಕೆಲವೇ ಮಾತುಗಳಲ್ಲಿ ತಿದ್ದುತ್ತಿದ್ದರು. ಒಬ್ಬರಿಗೆ ಹೇಳಿದ್ದು ಇನ್ನೊಬ್ಬರ ಆಟವನ್ನು ಕೆಡಿಸಬಹುದೆಂದು ಕೈಟ್ ಮತ್ತು ಕ್ರೆನ್‌ಶಾ ಪರಸ್ಪರರ ಪಾಠ ನೋಡಲು ಬಿಡುತ್ತಿರಲಿಲ್ಲ. ಬೆಟ್ಸಿ ರಾಲ್ಸ್, ಮಿಕ್ಕಿ ರೈಟ್, ಕ್ಯಾಥಿ ವಿಟ್‌ವರ್ತ್ ಮೊದಲಾದ ಮಹಿಳಾ ಆಟಗಾರ್ತಿಯರೂ ಅವರಲ್ಲಿ ಕಲಿತರು. ಇವರಲ್ಲಿ ವಿಟ್‌ವರ್ತ್ ಮಹಿಳೆಯರ ವೃತ್ತಿಪರ ಗಾಲ್ಫ್‌ನಲ್ಲಿ 88 ಪಂದ್ಯಾವಳಿಗಳನ್ನು ಗೆದ್ದರು.

ಕೃತಿ

ಪೆನಿಕ್ ತಮ್ಮ ಅನುಭವಗಳನ್ನು ದಶಕಗಳ ಕಾಲ ಕೆಂಪು ರಟ್ಟಿನ ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟು, ಮಗ ಟಿನ್ಸ್ಲಿಯ ಹೊರತು ಯಾರಿಗೂ ತೋರಿಸುತ್ತಿರಲಿಲ್ಲ. ಇಳಿವಯಸ್ಸಿನಲ್ಲಿ ಅದನ್ನು ಹಂಚಿಕೊಳ್ಳಲು ಮನಸ್ಸು ಮಾಡಿ ಲೇಖಕ ಬಡ್ ಶ್ರೇಕ್ ಅವರಿಗೆ ಒಪ್ಪಿಸಿದರು. 1992ರಲ್ಲಿ ಅದು ಗ್ರಂಥವಾಗಿ ಹೊರಬಂದಿತು. ಅದೇ ವರ್ಷ ಕೈಟ್ ಯು.ಎಸ್. ಓಪನ್ ಗೆದ್ದರು.

ನಿಧನ ಮತ್ತು ಗೌರವ

ಸಾವಿಗೆ ಕೆಲವು ದಿನಗಳ ಮೊದಲು ಪೆನಿಕ್ ಹಾಸಿಗೆಯಲ್ಲಿದ್ದುಕೊಂಡೇ ಕ್ರೆನ್‌ಶಾ ಅವರಿಗೆ ಪಟ್ಟಿಂಗ್ (ಚೆಂಡನ್ನು ಕುಳಿಯತ್ತ ಉರುಳಿಸುವ ಹೊಡೆತ) ಪಾಠ ಹೇಳಿದರು. ಮಾಸ್ಟರ್ಸ್ ಪಂದ್ಯಾವಳಿಯ ಮುನ್ನಾದಿನ ಆಸ್ಟಿನ್‌ನಲ್ಲಿ ಗುರುವಿನ ಶವಪೆಟ್ಟಿಗೆಗೆ ಹೆಗಲು ಕೊಟ್ಟ ಕ್ರೆನ್‌ಶಾ ಮತ್ತು ಕೈಟ್ ಅಂದೇ ಅಗಸ್ಟಾಕ್ಕೆ ಮರಳಿದರು. ಏಪ್ರಿಲ್ 9ರಂದು ಕ್ರೆನ್‌ಶಾ ಒಂದು ಹೊಡೆತದ ಅಂತರದಿಂದ ಮಾಸ್ಟರ್ಸ್ ಗೆದ್ದರು. ಎರಡನೆಯ ಸ್ಥಾನ ಪಡೆದ ಡೇವಿಸ್ ಲವ್ ಅವರ ತಂದೆಯೂ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಪೆನಿಕ್ ಅವರ ಶಿಷ್ಯರಾಗಿದ್ದವರು. 2002ರಲ್ಲಿ ಪೆನಿಕ್ ಅವರ ಹೆಸರನ್ನು ವಿಶ್ವ ಗಾಲ್ಫ್ ಹಾಲ್ ಆಫ್ ಫೇಮ್‌ಗೆ ಸೇರಿಸಲಾಯಿತು.