ಆಟೊ ವಾರ್‌ಬರ್ಗ್: ಜೀವಕೋಶದ ಉಸಿರನ್ನು ಅಳೆದ ವಿಜ್ಞಾನಿ



ಸಮೀರವಾಡಿಯಲ್ಲಿ ಕಬ್ಬಿನ ಹಂಗಾಮು ಆರಂಭವಾದರೆ ಸಕ್ಕರೆಯ ವಾಸನೆ ಯಾವುದು, ಡಿಸ್ಟಿಲರಿಯ ವಾಸನೆ ಯಾವುದು ಎಂದು ನಾವು ಕಣ್ಣು ಮುಚ್ಚಿಕೊಂಡೇ ಹೇಳಬಲ್ಲೆವು. ಸಕ್ಕರೆಯ ನಡುವೆಯೇ ಬದುಕುವ ಈ ಊರಿನಲ್ಲಿ ನಾನು ಖಾಲಾ ಎಂದು ಕರೆಯುವ ಹಿರಿಯರೊಬ್ಬರಿಗೆ ಎದೆಯಲ್ಲಿ ಗಂಟು ಕಾಣಿಸಿತು. ನಾಚಿಕೆಯಿಂದ ಅವರು ಅನೇಕ ತಿಂಗಳು ಯಾರಿಗೂ ಹೇಳಲಿಲ್ಲ. ಕೊನೆಗೆ ಸ್ತನ ಕ್ಯಾನ್ಸರ್ ಎಂದು ಗೊತ್ತಾಗಿ ಕೀಮೋಥೆರಪಿ ನಡೆಯುತ್ತಿದ್ದಾಗ ಯಾರೋ ಪರಿಚಿತರು ಮನೆಗೆ ಬಂದು, ಸಕ್ಕರೆಯೇ ಕ್ಯಾನ್ಸರಿನ ಆಹಾರ, ಸಿಹಿ, ಅನ್ನ, ರೊಟ್ಟಿ ಎಲ್ಲ ಬಿಟ್ಟರೆ ಗಂಟು ತಾನೇ ಉಪವಾಸ ಬಿದ್ದು ಸಾಯುತ್ತದೆ, ಜರ್ಮನಿಯ ನೊಬೆಲ್ ವಿಜ್ಞಾನಿಯೇ ಇದನ್ನು ಕಂಡುಹಿಡಿದಿದ್ದಾನೆ ಎಂದು ಹೇಳಿಹೋದರು. ಖಾಲಾ ಊಟ ಬಿಟ್ಟರು. ಗಂಟು ಸಾಯಲಿಲ್ಲ, ಅವರ ತೂಕ ಮಾತ್ರ ಇಳಿಯಿತು. ನಿಶ್ಶಕ್ತಿಯಿಂದಾಗಿ ಮುಂದಿನ ಕೀಮೋ ಮುಂದೂಡಬೇಕಾಯಿತು.

ನಾನು ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕ, ವಿಜ್ಞಾನ ನನ್ನ ವಿಷಯವಲ್ಲ. ಆದರೂ ಆ ವಿಜ್ಞಾನಿ ಯಾರು, ಆತ ನಿಜವಾಗಿ ಏನು ಕಂಡ ಎಂದು ತಿಳಿಯದೆ ಸಮಾಧಾನವಾಗಲಿಲ್ಲ. ಓದಿ ತಿಳಿದದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಆಟೊ ಹೈನ್ರಿಚ್ ವಾರ್‌ಬರ್ಗ್ ಹುಟ್ಟಿದ್ದು 1883ರ ಅಕ್ಟೋಬರ್ 8ರಂದು, ಜರ್ಮನಿಯ ಫ್ರೈಬರ್ಗ್ ನಗರದಲ್ಲಿ. ತಂದೆ ಎಮಿಲ್ ವಾರ್‌ಬರ್ಗ್ ಹೆಸರಾಂತ ಭೌತವಿಜ್ಞಾನಿ, ಯಹೂದಿ ಮನೆತನದವರು. ತಾಯಿ ಕ್ರೈಸ್ತರು. ದೊಡ್ಡ ದೊಡ್ಡ ವಿಜ್ಞಾನಿಗಳು ಬಂದು ಹೋಗುವ ಮನೆಯಲ್ಲಿ ಹುಡುಗ ಬೆಳೆದ. ಎಮಿಲ್ ಫಿಷರ್ ಅವರಂಥ ಗುರುವಿನ ಬಳಿ ರಸಾಯನಶಾಸ್ತ್ರ ಕಲಿತು 1906ರಲ್ಲಿ ಡಾಕ್ಟರೇಟ್ ಪಡೆದ ವಾರ್‌ಬರ್ಗ್, 1911ರಲ್ಲಿ ಹೈಡೆಲ್‌ಬರ್ಗ್‌ನಿಂದ ವೈದ್ಯಕೀಯ ಪದವಿಯನ್ನೂ ಪಡೆದರು. ಕ್ಯಾನ್ಸರಿನ ಮೂಲ ಕಾರಣವನ್ನು ತಾನೇ ಕಂಡುಹಿಡಿಯಬೇಕು ಎಂಬ ಹಂಬಲ ಅವರಿಗೆ ಯೌವನದಲ್ಲೇ ಇತ್ತು.

ಇಲ್ಲಿ ಭಾಷಾ ಶಿಕ್ಷಕನ ಒಂದು ಮಾತಿಗೆ ಅವಕಾಶ ಕೊಡಿ. ಉರ್ದುವಿನಲ್ಲಿ ಈ ರೋಗಕ್ಕೆ ಸರ್ತಾನ್ ಎನ್ನುತ್ತೇವೆ. ಅದು ಅರಬ್ಬಿ ಪದ, ಅರ್ಥ ಏಡಿ. ಲ್ಯಾಟಿನ್ನಿನ ಕ್ಯಾನ್ಸರ್ ಎಂದರೂ ಏಡಿಯೇ. ನಮ್ಮ ಹಳೆಯ ಕನ್ನಡಿಗರು ಏಡಿಹುಣ್ಣು ಎಂದರು. ಒಮ್ಮೆ ಕಚ್ಚಿ ಹಿಡಿದರೆ ಬಿಡದು ಎಂಬ ಭಯ ಮೂರು ಭಾಷೆಯಲ್ಲೂ ಒಂದೇ.

1908ರಲ್ಲಿ ವಾರ್‌ಬರ್ಗ್ ಇಟಲಿಯ ನೇಪಲ್ಸ್‌ನಲ್ಲಿ ಕಡಲಜೀವಿಯೊಂದರ ಮೊಟ್ಟೆಗಳನ್ನು ಪರೀಕ್ಷಿಸುತ್ತಿದ್ದರು. ಮೊಟ್ಟೆ ಫಲಿತಗೊಂಡು ಕೋಶಗಳು ಒಡೆದು ಬೆಳೆಯತೊಡಗಿದಾಗ ಅದು ಸೇವಿಸುವ ಆಮ್ಲಜನಕ ಹಲವು ಪಟ್ಟು ಹೆಚ್ಚುತ್ತದೆ ಎಂದು ಕಂಡರು. ವೇಗವಾಗಿ ಬೆಳೆಯುವ ಕೋಶಕ್ಕೆ ಹೆಚ್ಚು ಉಸಿರು ಬೇಕು ಎಂದಾದರೆ ಕ್ಯಾನ್ಸರ್ ಗಂಟೂ ಹಾಗೆಯೇ ಇರಬೇಕಲ್ಲವೇ ಎಂಬ ಪ್ರಶ್ನೆ ಅವರನ್ನು ಬಿಡಲಿಲ್ಲ.

ಅಷ್ಟರಲ್ಲಿ ಮೊದಲ ಮಹಾಯುದ್ಧ ಬಂತು. ವಾರ್‌ಬರ್ಗ್ ಕುದುರೆ ದಳ ಸೇರಿ ಯುದ್ಧಭೂಮಿಗೆ ಹೋದರು, ಗಾಯಗೊಂಡರು, ಪದಕವನ್ನೂ ಪಡೆದರು. 1918ರಲ್ಲಿ ಮನೆಯವರ ಕೋರಿಕೆಯಂತೆ ತಂದೆಯ ಮಿತ್ರರಾದ ಐನ್‌ಸ್ಟೈನ್ ಅವರೇ ಪತ್ರ ಬರೆದು, ಇಂಥ ಪ್ರತಿಭೆ ಯುದ್ಧದಲ್ಲಿ ಹಾಳಾಗಬಾರದು, ಪ್ರಯೋಗಶಾಲೆಗೆ ಮರಳಬೇಕು ಎಂದು ತಿಳಿಹೇಳಿದರು.

ಬರ್ಲಿನ್ನಿನಲ್ಲಿ ಅವರು ಇಲಿಯ ಗಡ್ಡೆಯನ್ನು ತೆಳುವಾದ ಹೋಳುಗಳಾಗಿ ಕತ್ತರಿಸಿ ಗಾಜಿನ ಪಾತ್ರೆಯಲ್ಲಿಟ್ಟು, ಅದು ಎಷ್ಟು ಗಾಳಿ ಹೀರುತ್ತದೆ ಎಂದು ಒತ್ತಡಮಾಪಕದಿಂದ ಅಳೆದರು. ನಿರೀಕ್ಷೆ ಸುಳ್ಳಾಯಿತು. ಗಡ್ಡೆ ಹೆಚ್ಚು ಆಮ್ಲಜನಕ ಹೀರಲಿಲ್ಲ. ಬದಲಿಗೆ ಗ್ಲೂಕೋಸನ್ನು ಗಬಗಬನೆ ನುಂಗಿ ಲ್ಯಾಕ್ಟಿಕ್ ಆಮ್ಲವನ್ನು ಹೊರಹಾಕುತ್ತಿತ್ತು. ಅದೂ ಸುತ್ತಮುತ್ತ ಬೇಕಾದಷ್ಟು ಆಮ್ಲಜನಕ ಇದ್ದಾಗಲೂ!

ಇದರಲ್ಲಿ ಅಚ್ಚರಿ ಏನು ಎಂದು ಕೇಳುವಿರಾ? ನಮ್ಮ ಕಾರ್ಖಾನೆಯನ್ನೇ ನೋಡಿ. ಬಾಯ್ಲರಿನಲ್ಲಿ ಕಬ್ಬಿನ ಸಿಪ್ಪೆ ಗಾಳಿಯೊಡನೆ ಪೂರ್ತಿ ಉರಿದು ಭರ್ತಿ ಶಾಖ ಕೊಡುತ್ತದೆ. ಡಿಸ್ಟಿಲರಿಯ ತೊಟ್ಟಿಯಲ್ಲಿ ಯೀಸ್ಟ್ ಮೊಲಾಸಿಸ್ಸನ್ನು ಗಾಳಿಯ ನೆರವಿಲ್ಲದೆ ಹುದುಗಿಸುತ್ತದೆ. ಸಕ್ಕರೆಯ ಬಹುಪಾಲು ಶಕ್ತಿ ಆಲ್ಕೋಹಾಲಿನಲ್ಲೇ ಉಳಿಯುತ್ತದೆ. ನಮ್ಮ ಕೋಶಗಳೂ ಎರಡೂ ದಾರಿ ಬಲ್ಲವು. ಒಂದು ಗ್ಲೂಕೋಸ್ ಅಣುವನ್ನು ಪೂರ್ತಿ ಉರಿಸಿದರೆ ಎಟಿಪಿ ಎಂಬ ಶಕ್ತಿಯ ನಾಣ್ಯ ಸುಮಾರು 30 ಸಿಗುತ್ತದೆ, ಲ್ಯಾಕ್ಟಿಕ್ ಆಮ್ಲ ಮಾಡಿ ಬಿಟ್ಟರೆ ಕೇವಲ 2. ಓಡುವಾಗ ಏದುಸಿರು ಬಂದರೆ ನಮ್ಮ ಸ್ನಾಯುಗಳೂ ಎರಡನೆಯ ದಾರಿ ಹಿಡಿಯುತ್ತವೆ. ಆದರೆ ಗಾಳಿ ಇದ್ದೂ ನಷ್ಟದ ದಾರಿಯಲ್ಲೇ ನಡೆಯುವುದು ಗಡ್ಡೆಯ ವಿಚಿತ್ರ ಗುಣ. ಇದಕ್ಕೆ ಇಂದಿಗೂ ವಾರ್‌ಬರ್ಗ್ ಪರಿಣಾಮ ಎಂದೇ ಹೆಸರು.

1931ರಲ್ಲಿ ಅವರಿಗೆ ನೊಬೆಲ್ ಬಂತು. ಆದರೆ ಅದು ಬಂದದ್ದು ಕ್ಯಾನ್ಸರಿಗಾಗಿ ಅಲ್ಲ, ಕೋಶದ ಉಸಿರಾಟದ ಕಿಣ್ವದ ಸಂಶೋಧನೆಗಾಗಿ. ಇದನ್ನು ನೆನಪಿಡಿ, ಅನೇಕರು ತಪ್ಪು ಹೇಳುತ್ತಾರೆ.

ಹಿಟ್ಲರ್ ಅಧಿಕಾರಕ್ಕೆ ಬಂದಾಗ ಅವರ ಬಳಿ ದುಡಿದಿದ್ದ ಹ್ಯಾನ್ಸ್ ಕ್ರೆಬ್ಸ್ ಅಂಥವರು ದೇಶ ಬಿಡಬೇಕಾಯಿತು. ವಾರ್‌ಬರ್ಗ್ ಬಿಡಲಿಲ್ಲ. 1941ರಲ್ಲಿ ಅವರನ್ನೂ ಹುದ್ದೆಯಿಂದ ತೆಗೆದರು. ಆದರೆ ಕೆಲವೇ ವಾರಗಳಲ್ಲಿ, ಕ್ಯಾನ್ಸರ್ ಸಂಶೋಧನೆ ಮುಂದುವರಿಸಲೆಂದು, ಮರಳಿ ಕೂರಿಸಿದರು. ಹಿಟ್ಲರನ ತಾಯಿ 1907ರಲ್ಲಿ ಸ್ತನ ಕ್ಯಾನ್ಸರಿನಿಂದಲೇ ತೀರಿಕೊಂಡಿದ್ದಳು, ಆ ರೋಗದ ಭಯವೇ ಯಹೂದಿ ರಕ್ತದ ಈ ವಿಜ್ಞಾನಿಯನ್ನು ಉಳಿಸಿತು ಎಂದು ಕೆಲವರು ಬರೆದಿದ್ದಾರೆ. ಲಕ್ಷಾಂತರ ಜನ ಸಾಯುತ್ತಿದ್ದಾಗ ಆತ ತನ್ನ ಪ್ರಯೋಗಶಾಲೆಯಲ್ಲೇ ಉಳಿದದ್ದು ನನ್ನ ಮನಸ್ಸಿಗೆ ಅಷ್ಟು ಹಿತವಾಗಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ.

ಅವರ ಇನ್ನೊಂದು ದೋಷ ಹಟ. ಕೋಶದ ಉಸಿರಾಟ ಕೆಟ್ಟುಹೋಗುವುದೇ ಕ್ಯಾನ್ಸರಿಗೆ ಮೂಲ ಎಂದು ಅವರು ಕೊನೆಯವರೆಗೂ ಸಾಧಿಸಿದರು. 1956ರಲ್ಲಿ ಅಮೆರಿಕದ ಸಿಡ್ನಿ ವೈನ್‌ಹೌಸ್, ಕ್ಯಾನ್ಸರ್ ಕೋಶಗಳೂ ಚೆನ್ನಾಗಿಯೇ ಉಸಿರಾಡುತ್ತವೆ ಎಂದು ವಿರೋಧಿಸಿದರು. ವಾರ್‌ಬರ್ಗ್ ಕೇಳಲಿಲ್ಲ. ಮದುವೆಯಾಗದೆ, ನಿತ್ಯ ಕುದುರೆ ಸವಾರಿ ಮಾಡುತ್ತ, ಇಳಿವಯಸ್ಸಿನಲ್ಲೂ ಪ್ರಯೋಗಶಾಲೆ ಬಿಡದೆ ದುಡಿದ ಅವರು 1970ರ ಆಗಸ್ಟ್ 1ರಂದು ತಮ್ಮ 86ನೆಯ ವಯಸ್ಸಿನಲ್ಲಿ ಬರ್ಲಿನ್ನಿನಲ್ಲಿ ತೀರಿಕೊಂಡರು.

ಹಾಗಾದರೆ ಅವರು ಕಂಡದ್ದು ಸುಳ್ಳೇ? ಅಲ್ಲ. ಕಂಡದ್ದು ನಿಜ, ಕೊಟ್ಟ ಕಾರಣ ತಪ್ಪು. ಮನೆ ಕಟ್ಟುವವನು ಕಟ್ಟಿಗೆಯನ್ನೆಲ್ಲ ಒಲೆಗೆ ಹಾಕಿದರೆ ಚೌಕಟ್ಟಿಗೆ ಏನು ಉಳಿಯುತ್ತದೆ? ಒಂದು ಕೋಶ ಎರಡಾಗಬೇಕಾದರೆ ಹೊಸ ಪೊರೆ, ಹೊಸ ಡಿಎನ್‌ಎ, ಹೊಸ ಪ್ರೋಟೀನ್ ಬೇಕು. ಗ್ಲೂಕೋಸನ್ನು ಪೂರ್ತಿ ಸುಡದೆ ಅದರ ಒಂದು ಪಾಲನ್ನು ಕ್ಯಾನ್ಸರ್ ಕೋಶ ಈ ಕಟ್ಟಡದ ಸಾಮಗ್ರಿಯಾಗಿ ಬಳಸುತ್ತದೆ. ಹೊರಬಿಟ್ಟ ಆಮ್ಲ ಸುತ್ತಲಿನ ರೋಗನಿರೋಧಕ ಕೋಶಗಳನ್ನು ಮಂಕಾಗಿಸುತ್ತದೆ. ಇದಕ್ಕೆಲ್ಲ ಆಜ್ಞೆ ಕೊಡುವುದು ಕೆಟ್ಟ ಜೀನ್‌ಗಳು. ಹಾರ್ಮೋನಿಗೆ ಸ್ಪಂದಿಸುವ ಸ್ತನ ಕ್ಯಾನ್ಸರುಗಳಲ್ಲಿ ನೂರಕ್ಕೆ ಸುಮಾರು 40ರಲ್ಲಿ ಪಿಐಕೆ3ಸಿಎ ಎಂಬ ಜೀನ್ ಬದಲಾಗಿರುತ್ತದೆ. ಇನ್ಸುಲಿನ್ ಬರದಿದ್ದರೂ ಬಂದಿದೆ, ತಿನ್ನು, ಬೆಳೆ ಎಂದು ಅದು ಕೋಶಕ್ಕೆ ಹೇಳುತ್ತಲೇ ಇರುತ್ತದೆ. ಇದನ್ನು ತಡೆಯುವ ಅಲ್ಪೆಲಿಸಿಬ್ ಎಂಬ ಮಾತ್ರೆಗೆ 2019ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಅದನ್ನು ತೆಗೆದುಕೊಂಡವರಲ್ಲಿ ಅನೇಕರಿಗೆ ರಕ್ತದ ಸಕ್ಕರೆ ಏರುತ್ತದೆ, ಯಾಕೆಂದರೆ ಒಳ್ಳೆಯ ಕೋಶಗಳೂ ಇನ್ಸುಲಿನ್ ಮಾತು ಕೇಳುವುದು ಅದೇ ದಾರಿಯಲ್ಲಿ.

ಗಡ್ಡೆಯ ಈ ಹಸಿವೇ ವೈದ್ಯರಿಗೆ ಕಣ್ಣಾಯಿತು. ಪೆಟ್ ಸ್ಕ್ಯಾನಿನಲ್ಲಿ ಸ್ವಲ್ಪ ವಿಕಿರಣ ಸೂಸುವ ಸಕ್ಕರೆಯಂಥ ವಸ್ತುವನ್ನು ರಕ್ತಕ್ಕೆ ಬಿಡುತ್ತಾರೆ. ಹೆಚ್ಚು ಹೀರಿಕೊಂಡ ಜಾಗ ಚಿತ್ರದಲ್ಲಿ ಹೊಳೆಯುತ್ತದೆ. ಸ್ತನದ ಕ್ಯಾನ್ಸರ್ ಮೂಳೆಗೋ ಯಕೃತ್ತಿಗೋ ಹರಡಿದೆಯೇ ಎಂದು ಹೀಗೆ ಹುಡುಕುತ್ತಾರೆ.

ಈಗ ಖಾಲಾ ಅವರ ಉಪವಾಸಕ್ಕೆ ಬರೋಣ. ನಾವು ತಿನ್ನದಿದ್ದರೂ ಯಕೃತ್ತು ತನ್ನ ಉಗ್ರಾಣದಿಂದ, ಅದು ಮುಗಿದರೆ ಸ್ನಾಯು ಕರಗಿಸಿ, ರಕ್ತಕ್ಕೆ ಗ್ಲೂಕೋಸ್ ಒದಗಿಸುತ್ತಲೇ ಇರುತ್ತದೆ. ಗಡ್ಡೆಗೆ ಪಾಲು ಸಿಗುತ್ತದೆ, ಸೊರಗುವವರು ರೋಗಿ. ಹೀಗೆಂದು ಸಿಹಿ ಎಷ್ಟಾದರೂ ತಿನ್ನಬಹುದು ಎಂದಲ್ಲ. ಮುಟ್ಟು ನಿಂತ ಮೇಲೆ ಅತಿಯಾದ ಬೊಜ್ಜು ಸ್ತನ ಕ್ಯಾನ್ಸರಿನ ಅಪಾಯ ಹೆಚ್ಚಿಸುತ್ತದೆ. ಕೊಬ್ಬಿನಲ್ಲಿ ಈಸ್ಟ್ರೊಜೆನ್ ತಯಾರಾಗುವುದು ಮತ್ತು ರಕ್ತದಲ್ಲಿ ಇನ್ಸುಲಿನ್ ಏರುವುದು ಇದಕ್ಕೆ ಮುಖ್ಯ ಕಾರಣಗಳು. ತೂಕ ಹತೋಟಿಯಲ್ಲಿಡುವುದು ಬೇರೆ, ಚಿಕಿತ್ಸೆಯ ನಡುವೆ ಊಟ ಬಿಡುವುದು ಬೇರೆ.

ಇದನ್ನೆಲ್ಲ ನಾನು ಖಾಲಾ ಅವರಿಗೆ ಬಾಯ್ಲರ್, ಡಿಸ್ಟಿಲರಿ ಎಂದೇ ವಿವರಿಸಿದೆ. ಅವರ ಯಜಮಾನರು ಕಬ್ಬಿನ ಗಾಡಿ ಹೊಡೆದವರು, ಬೇಗ ಅರ್ಥವಾಯಿತು. ವೈದ್ಯರೂ ಅದನ್ನೇ ಹೇಳಿ, ಬೇಳೆ, ಮೊಟ್ಟೆ, ರೊಟ್ಟಿ ಎಲ್ಲ ತಿನ್ನಿಸಿದರು. ಮೂರು ವಾರದ ನಂತರ ನಿಂತಿದ್ದ ಕೀಮೋ ಮತ್ತೆ ಆರಂಭವಾಯಿತು. ಮೊನ್ನೆ ಮನೆಗೆ ಹೋದಾಗ ಚಹಾ ಕೊಟ್ಟರು. ನನ್ನ ಲೋಟಕ್ಕೆ ಎರಡು ಚಮಚ ಸಕ್ಕರೆ, ತಮ್ಮದಕ್ಕೆ ಅರ್ಧ ಚಮಚ ಹಾಕಿಕೊಂಡು, ಮೊಮ್ಮಗಳ ಪರೀಕ್ಷೆ ಯಾವಾಗ ಎಂದು ವಿಚಾರಿಸಿದರು.